ಗಡಿನಾಡಿನಲ್ಲಿ ಗಾಡಿ ಇಟ್ಟುಕೊಂಡವರು ಮಾಡಬೇಕಾದ್ದು: ಆರ್‌ಸಿಯಿಂದ ಟಯರ್‌ವರೆಗೆ, ಹಂತ ಹಂತವಾಗಿ

ಬದಿಯಡ್ಕದ ನಮ್ಮ ಮನೆಗೆ ಒಂದು ದಿನ ದಂಡದ ನೋಟಿಸ್ ಬಂತು. ಅದರಲ್ಲಿದ್ದ ಸ್ಕೂಟರನ್ನು ನಾನು ಮಾರಿ ಎರಡು ವರ್ಷ ದಾಟಿತ್ತು. ಮಾರುವಾಗ ಬ್ರೋಕರ್ ಹೇಳಿದ್ದು ಇಷ್ಟೇ: "ಅಣ್ಣಾ, ನೀವು ತಲೆಬಿಸಿ ಮಾಡ್ಬೇಡಿ, ಹೆಸರು ಬದಲಿಸುವ ಕೆಲಸ ನನಗೆ ಬಿಡಿ." ನಾನು ಸಹಿ ಹಾಕಿದೆ, ದುಡ್ಡು ತೆಗೆದುಕೊಂಡೆ, ಮರೆತೆ. ಹೆಸರು ಬದಲಾಗಲೇ ಇಲ್ಲ. ಗಾಡಿ ಯಾರ್ಯಾರ ಕೈಯಲ್ಲೋ ಓಡುತ್ತಿತ್ತು, ಆದರೆ ಸರ್ಕಾರದ ಲೆಕ್ಕದಲ್ಲಿ ಅದು ನನ್ನದೇ ಆಗಿತ್ತು.

ದಂಡ ಕಟ್ಟಿದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ. ಆ ಸ್ಕೂಟರ್ ಯಾರಿಗಾದರೂ ಗುದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದಾಗ ಕೈಕಾಲು ತಣ್ಣಗಾಯಿತು. ಆಮೇಲೆ ಕಾಯ್ದೆ, ನಿಯಮ ಎಲ್ಲ ಓದಿದೆ, ಆಫೀಸಿಗೆ ಅಲೆದೆ, ತಿಳಿದವರನ್ನು ಕೇಳಿದೆ. ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮವರಿಗೆ ಎರಡು ರಾಜ್ಯದ ರಸ್ತೆ ದಿನನಿತ್ಯದ ಮಾತು. ಬೆಳಗ್ಗೆ ತಲಪಾಡಿ ದಾಟಿ ಮಂಗಳೂರಿನಲ್ಲಿ ಕೆಲಸ, ಸಂಜೆ ಮನೆ. ಮಗಳು ದೇರಳಕಟ್ಟೆಯಲ್ಲಿ ಓದುತ್ತಾಳೆ, ಅಳಿಯ ಸುಳ್ಯದವನು, ಕಾರು ತಂದದ್ದು ಪುತ್ತೂರಿನಿಂದ. ಹೀಗಾಗಿ ಬೇರೆಯವರಿಗಿಂತ ನಮಗೆ ಕಾಗದದ ಕೆಲಸ ಸ್ವಲ್ಪ ಜಾಸ್ತಿ.

ಮೊದಲ ಹಂತ: ಆರ್‌ಸಿ ತೆಗೆದು ನಿಧಾನವಾಗಿ ಓದಿ

ಹೆಚ್ಚಿನವರು ಆರ್‌ಸಿಯನ್ನು, ಅಂದರೆ ಗಾಡಿಯ ನೋಂದಣಿ ಪತ್ರವನ್ನು, ಓದಿಯೇ ಇರುವುದಿಲ್ಲ. ಒಮ್ಮೆ ಕೈಗೆತ್ತಿಕೊಂಡು ಐದು ವಿಷಯ ನೋಡಿ. ಹೆಸರು ಯಾರದ್ದು? ವಿಳಾಸ ಈಗ ನೀವಿರುವ ಮನೆಯದ್ದೇ? ನೋಂದಣಿ ಎಲ್ಲಿಯವರೆಗೆ ಇದೆ? ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಉಳಿದಿದೆಯಾ? ಚಾಸಿ ನಂಬರ್ ಗಾಡಿಯ ಮೇಲಿರುವುದಕ್ಕೆ ಸರಿ ಹೊಂದುತ್ತದಾ?

ಹೆಸರಿನ ವಿಷಯ ಯಾಕೆ ಮುಖ್ಯ ಎಂದರೆ, 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಗಾಡಿ ಯಾರ ಹೆಸರಿನಲ್ಲಿ ನೋಂದಣಿ ಆಗಿದೆಯೋ ಅವರೇ ಮಾಲೀಕರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಆ ಪ್ರಕರಣದಲ್ಲಿ 2007ರಲ್ಲಿ ಮಾರಿದ ಕಾರು ಒಂದಕ್ಕಿಂತ ಹೆಚ್ಚು ಕೈ ದಾಟಿತ್ತು. 2009ರಲ್ಲಿ ಅಪಘಾತ ಆಯಿತು. ಆರ್‌ಸಿಯಲ್ಲಿ ಮೊದಲನೆಯವರ ಹೆಸರೇ ಇದ್ದುದರಿಂದ ಪರಿಹಾರದ ಹೊಣೆ ಅವರ ಮೇಲೆಯೇ ಬಿತ್ತು. ಮಾರಿದ್ದೇನೆ ಎಂಬ ಕಾಗದ ಅವರನ್ನು ಉಳಿಸಲಿಲ್ಲ.

ಮನೆ ಬದಲಿಸಿದ್ದರೆ 30 ದಿನದೊಳಗೆ ಫಾರಂ 33ರಲ್ಲಿ ಹೊಸ ವಿಳಾಸ ತಿಳಿಸಬೇಕು. ಸಾಲ ತೀರಿದ್ದರೆ ಬ್ಯಾಂಕಿನಿಂದ ಕಾಗದ ತಂದು ಫಾರಂ 35 ಕೊಟ್ಟು ಬ್ಯಾಂಕಿನ ಹೆಸರು ತೆಗೆಸಬೇಕು. ಎಷ್ಟೋ ಜನ ಕೊನೆಯ ಕಂತು ಕಟ್ಟಿ ಸುಮ್ನೆ ಇರುತ್ತಾರೆ. ಮಾರುವ ದಿನ ಬಂದಾಗ ಓಡಾಟ ಶುರುವಾಗುತ್ತದೆ. ಸರ್ಕಾರದ ವಾಹನ ದಾಖಲೆಯ ಪರಿವಾಹನ್ ಜಾಲತಾಣದಲ್ಲಿ ನಿಮ್ಮ ಫೋನ್ ನಂಬರ್ ಸರಿ ಇದೆಯಾ ಎಂದೂ ನೋಡಿ. ಒಟಿಪಿ, ದಂಡದ ಸಂದೇಶ ಎಲ್ಲ ಅದಕ್ಕೇ ಬರುತ್ತದೆ.

ಎರಡನೇ ಹಂತ: ತಾರೀಕುಗಳನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ

ಗೋಡೆಯ ಕ್ಯಾಲೆಂಡರ್ ಆದರೂ ಸರಿ, ಫೋನ್ ಆದರೂ ಸರಿ. ಮುಗಿಯುವ ದಿನವನ್ನಲ್ಲ, ಅದಕ್ಕಿಂತ ಒಂದು ತಿಂಗಳು ಮೊದಲಿನ ದಿನವನ್ನು ಗುರುತು ಮಾಡಿ.

ಇನ್ಶೂರೆನ್ಸ್ ಮೊದಲು. ಕನಿಷ್ಠ ಥರ್ಡ್ ಪಾರ್ಟಿ ವಿಮೆ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವುದು) ಇಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಸಿಕ್ಕಿಬಿದ್ದರೆ ಮೊದಲ ಸಲ 2000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲ ದಂಡ 4000. ಆದರೆ ನಿಜವಾದ ಪೆಟ್ಟು ಇದಲ್ಲ. ಅಪಘಾತದಲ್ಲಿ ಯಾರಿಗಾದರೂ ಏನಾದರೂ ಆದರೆ, ಅಪಘಾತ ಪರಿಹಾರದ ಟ್ರಿಬ್ಯೂನಲ್ (ನ್ಯಾಯಮಂಡಳಿ) ಹೇಳಿದ ಪರಿಹಾರವನ್ನು ಮಾಲೀಕನೇ ಕೈಯಿಂದ ಕೊಡಬೇಕಾಗುತ್ತದೆ. ಅದಕ್ಕಾಗಿ ಅಡಿಕೆ ತೋಟ ಮಾರುವ ಪರಿಸ್ಥಿತಿಯೂ ಬರಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 2018ರ ಸೆಪ್ಟೆಂಬರ್ 1ರ ನಂತರ ತೆಗೆದುಕೊಂಡ ಹೊಸ ಬೈಕಿಗೆ ಐದು ವರ್ಷ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತದೆ. ಆದರೆ ನಿಮ್ಮ ಸ್ವಂತ ಗಾಡಿಯ ಹಾನಿಗೆ ಇರುವ ವಿಮೆ ಸಾಮಾನ್ಯವಾಗಿ ಒಂದೇ ವರ್ಷದ್ದು. "ಐದು ವರ್ಷಕ್ಕೆ ಕಟ್ಟಿದ್ದೇನೆ" ಎಂದು ಕುಳಿತವರು ಮಳೆಗಾಲದಲ್ಲಿ ಗಾಡಿ ಮೇಲೆ ಮರ ಬಿದ್ದಾಗ ಸತ್ಯ ತಿಳಿಯುತ್ತಾರೆ. ಪಾಲಿಸಿ ತೆರೆದು ಎರಡೂ ತಾರೀಕು ಬೇರೆ ಬೇರೆ ಬರೆದುಕೊಳ್ಳಿ. ಸ್ವಂತ ಹಾನಿಯ ವಿಮೆ ಮುಗಿದು 90 ದಿನ ದಾಟಿದರೆ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದವರಿಗೆ ಸಿಗುವ ರಿಯಾಯಿತಿ) ಕೂಡ ಹೋಗುತ್ತದೆ.

ಹೊಗೆ ಸರ್ಟಿಫಿಕೇಟ್ ಎರಡನೆಯದು. ಹೊಸ ಗಾಡಿಗೆ ನೋಂದಣಿಯಾಗಿ ಒಂದು ವರ್ಷದವರೆಗೆ ಬೇಡ, ಆಮೇಲೆ ಬೇಕೇ ಬೇಕು. ಬಿಎಸ್ 4 ಮತ್ತು ಬಿಎಸ್ 6 (ಹೊಗೆ ಮಿತಿಯ ಸರ್ಕಾರಿ ದರ್ಜೆಗಳು) ಗಾಡಿಗಳಿಗೆ ಒಂದು ವರ್ಷ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳು ನಡೆಯುತ್ತದೆ. ನೂರಿನ್ನೂರು ರೂಪಾಯಿಯ ಕೆಲಸ. ಹೊಗೆ ಮತ್ತು ಶಬ್ದದ ಮಿತಿ ಮೀರಿದರೆ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡ ಇದೆ, ಮೂರು ತಿಂಗಳು ಲೈಸೆನ್ಸ್ ಹೋಗುವ ಅವಕಾಶವೂ ಇದೆ. ಸ್ಥಳದಲ್ಲೇ ಕಟ್ಟುವ ದಂಡವನ್ನು ಆಯಾ ರಾಜ್ಯ ನಿಗದಿ ಮಾಡುತ್ತದೆ. ಹಾಗಾಗಿ ಒಂದೇ ತಪ್ಪಿಗೆ ತಲಪಾಡಿಯ ಆಚೆ ಒಂದು ಮೊತ್ತ, ಈಚೆ ಇನ್ನೊಂದು ಮೊತ್ತ ಇರಬಹುದು.

ಖಾಸಗಿ ಗಾಡಿಯ ನೋಂದಣಿ 15 ವರ್ಷ. ಮುಗಿಯುವ 60 ದಿನ ಮೊದಲಿನಿಂದ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ಗಾಡಿಯನ್ನು ತೋರಿಸಬೇಕು, ಪಾಸಾದರೆ ಐದು ವರ್ಷ ಸಿಗುತ್ತದೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಬೈಕಿಗೆ 1000, ಕಾರಿಗೆ 5000 ರೂಪಾಯಿ ಶುಲ್ಕ ಬಂತು. 20 ವರ್ಷ ದಾಟಿದರೆ ಇನ್ನೂ ಜಾಸ್ತಿ. ತಡ ಮಾಡಿದರೆ ಬೈಕಿಗೆ ತಿಂಗಳಿಗೆ 300, ಕಾರಿಗೆ 500 ಸೇರುತ್ತಾ ಹೋಗುತ್ತದೆ. ಅಂಗಳದ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತ ಅಜ್ಜನ ಕಾಲದ ಗಾಡಿ ಇರುವವರು ಇದನ್ನು ಇವತ್ತೇ ನೋಡಿ.

ಇನ್ನು ಲೈಸೆನ್ಸ್. ಮುಗಿಯುವ ಒಂದು ವರ್ಷ ಮೊದಲೇ ನವೀಕರಿಸಬಹುದು. ಮುಗಿದ ಮೇಲೆ ಒಂದು ವರ್ಷದೊಳಗೆ ಹೋದರೆ ದಂಡ ಶುಲ್ಕದಲ್ಲಿ ಮುಗಿಯುತ್ತದೆ, ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಮೊದಲು ಇದ್ದ 30 ದಿನದ ರಿಯಾಯಿತಿ 2019ರ ತಿದ್ದುಪಡಿಯಲ್ಲಿ ಹೋಯಿತು. ಹಾಗಾಗಿ ಮುಗಿದ ಮರುದಿನವೇ ನೀವು ಲೈಸೆನ್ಸ್ ಇಲ್ಲದವರು.

ಮೂರನೇ ಹಂತ: ಫೋನಿನಲ್ಲಿ ಕಾಗದ, ಸರಿಯಾದ ರೀತಿಯಲ್ಲಿ

ಗಾಡಿಯ ಡಿಕ್ಕಿಯಲ್ಲಿ ಅಸಲು ಕಾಗದ ಇಟ್ಟು ಮಳೆಗೆ ನೆನೆಸಬೇಕಾಗಿಲ್ಲ. ಸರ್ಕಾರದ ಡಿಜಿಲಾಕರ್ ಅಥವಾ ಎಂ ಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದ ಆರ್‌ಸಿ, ಲೈಸೆನ್ಸ್‌ಗಳಿಗೆ ಅಸಲಿನಷ್ಟೇ ಬೆಲೆ ಇದೆ. 2018ರಿಂದ ನಿಯಮವೇ ಹಾಗೆ ಇದೆ. ಇದು ಎರಡೂ ರಾಜ್ಯದಲ್ಲಿ ನಡೆಯುತ್ತದೆ. ಆದರೆ ಗ್ಯಾಲರಿಯಲ್ಲಿರುವ ಫೋಟೋ, ವಾಟ್ಸಾಪ್‌ನಲ್ಲಿ ಮಗ ಕಳಿಸಿದ ಚಿತ್ರ, ಝೆರಾಕ್ಸ್ ಇವು ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಗುಡ್ಡದ ದಾರಿಗಳಲ್ಲಿ ನೆಟ್‌ವರ್ಕ್ ಹೋಗುವ ಜಾಗಗಳಿವೆ. ಹೊರಡುವ ಮೊದಲೇ ಆ್ಯಪ್ ತೆರೆದು ಕಾಗದ ಕಾಣುತ್ತದಾ ನೋಡಿಕೊಳ್ಳಿ.

ನಾಲ್ಕನೇ ಹಂತ: ಗಾಡಿಯನ್ನು ಕೈಮುಟ್ಟಿ ನೋಡಿ

ಕಾಗದ ಎಲ್ಲ ಸರಿ ಇದ್ದರೂ ಬ್ರೇಕ್ ಹಿಡಿಯದಿದ್ದರೆ ಏನು ಪ್ರಯೋಜನ? ಕಾಯ್ದೆಯ 190ನೇ ಸೆಕ್ಷನ್ ಹೇಳುವುದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಗಾಡಿಯಲ್ಲಿ ಅಪಾಯ ತರುವ ದೋಷ ಇದೆ ಎಂದು ಗೊತ್ತಿದ್ದೂ ಓಡಿಸಿದರೆ ತಪ್ಪು. ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷ ಇದ್ದರೂ ತಪ್ಪು. ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವನಿಗೂ. ಅಂದರೆ "ನನಗೆ ಗೊತ್ತೇ ಇರಲಿಲ್ಲ ಸಾರ್" ಎಂಬ ಮಾತು ನಡೆಯುವುದಿಲ್ಲ. ಬರೀ ದೋಷಕ್ಕೆ 1500 ರೂಪಾಯಿವರೆಗೆ ದಂಡ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಅಥವಾ ಆಸ್ತಿ ಹಾಳಾದರೆ 5000ದವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಆ "ಸಾಮಾನ್ಯ ಎಚ್ಚರ" ಎಂದರೆ ಏನು? ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ಹದಿನೈದು ನಿಮಿಷ ಸಾಕು.

ಟಯರ್‌ನಿಂದ ಶುರು ಮಾಡಿ. ನಿಯಮದ ಪ್ರಕಾರ ಬೈಕ್ ಮತ್ತು ಆಟೋ ಟಯರ್‌ನ ಗೀರುಗಳ ಆಳ 0.8 ಮಿಲಿಮೀಟರ್‌ಗಿಂತ ಕಡಿಮೆ ಆಗಬಾರದು, ಕಾರು ಮತ್ತು ಉಳಿದವಕ್ಕೆ 1.6 ಮಿಲಿಮೀಟರ್. ಅಳೆಯಲು ಸ್ಕೇಲ್ ಬೇಕಾಗಿಲ್ಲ. ಟಯರ್ ಗೀರಿನ ಒಳಗೆ ಅಡ್ಡಕ್ಕೆ ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ. ಟಯರ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಮುಗಿಯಿತು ಎಂದು ಲೆಕ್ಕ. ನಾನಂತೂ ಅಷ್ಟರವರೆಗೆ ಕಾಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸುರಿಯುವ ಮಳೆ ಬೇರೆ ಊರಿನವರಿಗೆ ಊಹಿಸಲೂ ಕಷ್ಟ. ಗೀರು ಇಲ್ಲದ ಟಯರ್ ನೀರನ್ನು ಪಕ್ಕಕ್ಕೆ ತಳ್ಳಲಾರದೆ ನೀರಿನ ಮೇಲೆಯೇ ತೇಲುತ್ತದೆ. ಆಗ ಬ್ರೇಕ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ, ಹ್ಯಾಂಡಲ್ ತಿರುಗಿಸಿದರೂ ತಿರುಗುವುದಿಲ್ಲ. ಚೆರ್ಕಳ ಕಲ್ಲಡ್ಕ ರಸ್ತೆಯ ತಿರುವುಗಳಲ್ಲಿ, ಪಾಚಿ ಹಿಡಿದ ಒಳರಸ್ತೆಗಳಲ್ಲಿ ಓಡಿಸುವವರು ಮೇ ತಿಂಗಳಲ್ಲೇ ಟಯರ್ ನೋಡಿ ಬದಲಿಸುವುದು ಒಳ್ಳೆಯದು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಇದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ನಂಬಬೇಡಿ.

ಬ್ರೇಕ್ ನೋಡಿ. ಬೈಕಿನಲ್ಲಿ ಹಿಂದಿನ, ಮುಂದಿನ ಬ್ರೇಕ್ ಬೇರೆ ಬೇರೆಯಾಗಿ ಹಿಡಿದು ತಳ್ಳಿ. ಕಾರಿನಲ್ಲಿ ಪೆಡಲ್ ಒತ್ತಿದಾಗ ಮೆತ್ತಗೆ ಕೆಳಗೆ ಇಳಿದರೆ ಬ್ರೇಕ್ ಆಯಿಲ್ ಸೋರುತ್ತಿರಬಹುದು, ಆ ದಿನವೇ ಮೆಕ್ಯಾನಿಕ್ ಹತ್ತಿರ ಹೋಗಿ. ಬ್ರೇಕ್ ಲೈಟ್ ಉರಿಯುತ್ತದಾ ಎಂದು ನೋಡಲು ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ. ಇಂಡಿಕೇಟರ್, ಹೆಡ್‌ಲೈಟ್, ಹಾರ್ನ್, ಕನ್ನಡಿ, ವೈಪರ್ ಇವೆಲ್ಲ ಎರಡು ನಿಮಿಷದ ಕೆಲಸ. ವೈಪರ್ ರಬ್ಬರ್ ಬೇಸಗೆಯಲ್ಲಿ ಒಣಗಿ ಗಟ್ಟಿಯಾಗಿರುತ್ತದೆ, ಮೊದಲ ಮಳೆಗೆ ಗಾಜು ಮಸುಕಾಗುತ್ತದೆ.

ಪಾರ್ಟ್ಸ್ ಬದಲಿಸಿದ ಬಿಲ್ಲನ್ನು ಎಸೆಯಬೇಡಿ. ನಾಳೆ ಏನಾದರೂ ಆದರೆ ನೀವು ಎಚ್ಚರ ವಹಿಸಿದ್ದಿರಿ ಎಂದು ತೋರಿಸಲು ಅದೇ ಆಧಾರ.

ಹಾಗೆಯೇ ಬದಲಾವಣೆಗಳ ವಿಷಯ. ಗುಡುಗುವ ಸೈಲೆನ್ಸರ್, ಕಣ್ಣು ಕುಕ್ಕುವ ಲೈಟ್, ಕತ್ತರಿಸಿದ ಮಡ್‌ಗಾರ್ಡ್ ನಮ್ಮ ಹುಡುಗರಿಗೆ ಇಷ್ಟ. ಗಾಡಿಯ ಮೂಲ ವಿವರ ಬದಲಾಗುವಂಥ ಕೆಲಸವನ್ನು ಅನುಮತಿ ಇಲ್ಲದೆ ಮಾಡಿಸಿದರೆ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಅಪ್ಪನ ಹೆಸರಿನ ಬೈಕಾದರೆ ಅಪ್ಪನಿಗೆ.

ಐದನೇ ಹಂತ: ಕೀ ಯಾರ ಕೈಗೆ?

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟರೆ ಓಡಿಸಿದವರಿಗೆ 5000 ರೂಪಾಯಿವರೆಗೆ ದಂಡ, ಕೊಟ್ಟ ಮಾಲೀಕರಿಗೂ ಬೇರೆಯಾಗಿ ಅಷ್ಟೇ. 18 ದಾಟದ ಮಕ್ಕಳು ಓಡಿಸಿ ಅಪರಾಧ ನಡೆದರೆ 199ಎ ಸೆಕ್ಷನ್ ಪ್ರಕಾರ ತಂದೆತಾಯಿ ಅಥವಾ ಮಾಲೀಕರನ್ನೇ ತಪ್ಪಿತಸ್ಥರು ಎಂದು ಪರಿಗಣಿಸುತ್ತಾರೆ. ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. "ಹಾಲಿನ ಡೈರಿವರೆಗೆ ಮಾತ್ರ", "ಟ್ಯೂಷನ್‌ಗೆ ಮಾತ್ರ" ಎಂದು ಕೀ ಕೊಡುವ ಮನೆಗಳು ನಮ್ಮ ಸುತ್ತ ಎಷ್ಟೋ ಇವೆ. ದಯವಿಟ್ಟು ಕೊಡಬೇಡಿ.

ಲೈಸೆನ್ಸ್ ಇಲ್ಲದವರು ಓಡಿಸಿ ಅಪಘಾತವಾದರೆ ವಿಮಾ ಕಂಪನಿ ಗಾಯಾಳುವಿಗೆ ಹಣ ಕೊಟ್ಟು, ಅದನ್ನು ಮಾಲೀಕನಿಂದ ವಸೂಲಿ ಮಾಡಲು ಕೋರ್ಟ್ ಅನುಮತಿ ಕೊಡಬಹುದು. ವಿಮೆ ಇದೆ ಎಂಬ ಧೈರ್ಯ ಅಲ್ಲಿಗೆ ಮುಗಿಯಿತು. ಕೆಲಸದವರಿಗೆ ಪಿಕಪ್ ಕೊಡುವವರು ಅವರ ಲೈಸೆನ್ಸಿನ ತಾರೀಕನ್ನೂ ನಿಮ್ಮ ಕ್ಯಾಲೆಂಡರಿನಲ್ಲೇ ಬರೆಯಿರಿ. 7500 ಕೆ.ಜಿ. ಒಳಗಿನ ಗಾಡಿಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು, ಬಾಡಿಗೆ ಗಾಡಿಯಾದರೂ, ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಟೋ, ಪಿಕಪ್ ಓಡಿಸುವವರಿಗೆ ಇದು ದೊಡ್ಡ ನೆಮ್ಮದಿ.

ಬಾಡಿಗೆ ಗಾಡಿಗಳಿಗೆ ಫಿಟ್‌ನೆಸ್ (ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮತ್ತು ಪರ್ಮಿಟ್ ಬೇರೆಯೇ ಇದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ತಡವಾದರೆ ದಿನಕ್ಕೆ 50 ರೂಪಾಯಿ. ಫಿಟ್‌ನೆಸ್ ಇಲ್ಲದ ಬಾಡಿಗೆ ಗಾಡಿಯನ್ನು ಕಾನೂನು ನೋಂದಣಿ ಇಲ್ಲದ ಗಾಡಿ ಎಂದೇ ನೋಡುತ್ತದೆ.

ಆರನೇ ಹಂತ: ಕೆಎ ಗಾಡಿ ಕೇರಳದಲ್ಲಿ, ಕೆಎಲ್ ಗಾಡಿ ಕರ್ನಾಟಕದಲ್ಲಿ

ನಮ್ಮವರು ಜಾಸ್ತಿ ಕೇಳುವ ಪ್ರಶ್ನೆ ಇದು. ಹೋಗಿ ಬರುವುದಕ್ಕೆ ಯಾವ ತೊಂದರೆಯೂ ಇಲ್ಲ. ಕೆಎಲ್ 14 ಗಾಡಿಯಲ್ಲಿ ದಿನಾ ಮಂಗಳೂರಿಗೆ ಹೋಗಿ ಬಂದರೂ ಗಾಡಿ ಇರುವುದು ಕಾಸರಗೋಡಿನಲ್ಲೇ. ಆದರೆ ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರ್ ಮಾಡಿಸಬೇಕು. ಇದು 47ನೇ ಸೆಕ್ಷನ್. ಪೈವಳಿಕೆಯಲ್ಲಿ ಮನೆ ಇದ್ದು, ವರ್ಷಗಟ್ಟಲೆ ಕೆಎ 19 ಕಾರಿನಲ್ಲೇ ಓಡಾಡುವವರು ಈ ನಿಯಮದ ಒಳಗೆ ಬರುತ್ತಾರೆ. ಮಂಗಳೂರಿನ ಹಾಸ್ಟೆಲ್‌ನಲ್ಲಿ ವರ್ಷವಿಡೀ ನಿಲ್ಲುವ ಮಗನ ಕೆಎಲ್ ಬೈಕ್ ಕೂಡ.

ಬಂಧುಗಳ ಕೆಎ ಗಾಡಿಯಲ್ಲಿ ಬಂದು ಹೋಗುವವರು ಆಚೆ ಈಚೆ ಹೋದ ಗುರುತು ಇಟ್ಟುಕೊಳ್ಳಿ. ಟೋಲ್‌ನ ಫಾಸ್ಟ್ಯಾಗ್ ದಾಖಲೆ, ಪೆಟ್ರೋಲ್ ಬಿಲ್, ಸರ್ವಿಸ್ ಬಿಲ್ ಪ್ರಶ್ನೆ ಬಂದಾಗ ಉಪಯೋಗಕ್ಕೆ ಬರುತ್ತವೆ.

ನಂಬರ್ ಬದಲಿಸುವುದಾದರೆ ಹೀಗೆ ಮಾಡಿ. ಮೊದಲು ಬಾಕಿ ಇರುವ ಇ-ಚಲನ್ ಎಲ್ಲ ಕಟ್ಟಿ. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ತನ್ನಿ. ಹಳೆಯ ಆರ್‌ಟಿಒದಲ್ಲಿ ಫಾರಂ 28ರಲ್ಲಿ ಎನ್‌ಒಸಿಗೆ (ಆಕ್ಷೇಪ ಇಲ್ಲ ಎಂಬ ಪತ್ರಕ್ಕೆ) ಅರ್ಜಿ ಹಾಕಿ, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ (ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು) ಬೇಕಾಗುತ್ತದೆ. ಎನ್‌ಒಸಿಯಲ್ಲಿ ಯಾವ ಆಫೀಸಿಗೆ ಎಂದು ಬರೆದಿರುತ್ತದೆ, ಅದನ್ನು ಸರಿಯಾಗಿ ಹೇಳಿ. ಮಂಜೇಶ್ವರ, ಕಾಸರಗೋಡು ತಾಲೂಕಿನವರಿಗೆ ಕೆಎಲ್ 14, ಹೊಸದುರ್ಗದವರಿಗೆ ಕಾಞಂಗಾಡಿನ ಕೆಎಲ್ 60, ವೆಳ್ಳರಿಕುಂಡಿನವರಿಗೆ ಕೆಎಲ್ 79. ಆಮೇಲೆ ಹೊಸ ಆರ್‌ಟಿಒದಲ್ಲಿ ಫಾರಂ 27 ಕೊಟ್ಟು, ಗಾಡಿ ತೋರಿಸಿ, ಗಾಡಿಯ ವಯಸ್ಸಿಗೆ ತಕ್ಕ ಟ್ಯಾಕ್ಸ್ ಕಟ್ಟಿ. ಹೊಸ ನಂಬರ್ ಬಂದ ಮೇಲೆ ಹಳೆಯ ರಾಜ್ಯದಲ್ಲಿ ಉಳಿದ ವರ್ಷಗಳ ಟ್ಯಾಕ್ಸ್ ವಾಪಸ್ ಕೇಳಬಹುದು. ಓಡಾಟ ಇದೆ ಎಂದು ಎಷ್ಟೋ ಜನ ಆ ದುಡ್ಡು ಬಿಟ್ಟುಬಿಡುತ್ತಾರೆ, ಬಿಡಬೇಡಿ. ಕೊನೆಗೆ ವಿಮೆಯಲ್ಲಿ ಹೊಸ ನಂಬರ್ ಸೇರಿಸಿ. ಇದನ್ನು ಮರೆತರೆ ಕ್ಲೈಮ್ ದಿನ ತಕರಾರು ಖಂಡಿತ.

ಭಾಷೆಯ ಬಗ್ಗೆ ಒಂದು ಮಾತು. ಆನ್‌ಲೈನ್ ಅರ್ಜಿ ಇಂಗ್ಲಿಷಿನಲ್ಲಿದೆ, ಕೌಂಟರಿನಲ್ಲಿ ಮಲಯಾಳ. ಆದರೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ನಮಗೆ ಕೊಟ್ಟಿದೆ. ದೂರು ಅಥವಾ ವಿವರಣೆಯ ಪತ್ರವನ್ನು ನಿಮಗೆ ಚೆನ್ನಾಗಿ ಬರುವ ಕನ್ನಡದಲ್ಲೇ ಬರೆಯಿರಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಓದಿಸಿಕೊಂಡು ಆಮೇಲೆ ಹಾಕಿ.

ಏಳನೇ ಹಂತ: ಮಾರುವಾಗ, ಕೊಳ್ಳುವಾಗ

ಮಾರುವವರೇ, ಒಂದೇ ರಾಜ್ಯದ ಒಳಗೆ ಮಾರಿದರೆ 14 ದಿನದೊಳಗೆ, ಬೇರೆ ರಾಜ್ಯಕ್ಕೆ ಮಾರಿದರೆ 45 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ನಿಮ್ಮ ಕೆಲಸ, ಬ್ರೋಕರಿನದಲ್ಲ. ಫಾರಂ 29, 30 ಎರಡಕ್ಕೂ ಸಹಿ ಬೀಳಬೇಕು. ಖಾಲಿ ಫಾರಂಗೆ ಸಹಿ ಹಾಕಿ ಕೊಡಲೇಬೇಡಿ. ನಾನು ಮಾಡಿದ ತಪ್ಪು ಅದೇ. ಗಾಡಿ ಕೊಟ್ಟ ದಿನ, ಗಂಟೆ ಬರೆದು ಕೊಂಡವರ ಸಹಿ ತೆಗೆದುಕೊಳ್ಳಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಪರಿವಾಹನ್‌ನಲ್ಲಿ ಹೊಸ ಮಾಲೀಕರ ಹೆಸರು ಕಾಣುವವರೆಗೆ ವಾರಕ್ಕೊಮ್ಮೆ ನೋಡಿ. ಡೀಲರಿಗೆ ಕೊಡುವುದಾದರೆ, 2023ರ ಏಪ್ರಿಲ್ 1ರಿಂದ ಅಧಿಕೃತ ಡೀಲರ್ ಎಂಬ ವ್ಯವಸ್ಥೆ ಇದೆ. ಅವರ ಹತ್ತಿರ ಆರ್‌ಟಿಒ ಕೊಟ್ಟ ಪ್ರಮಾಣಪತ್ರ ಇದೆಯಾ ಕೇಳಿ. ಇದ್ದರೆ ಫಾರಂ 29ಸಿಯಲ್ಲಿ ಗಾಡಿ ಒಪ್ಪಿಸಿದ್ದನ್ನು ದಾಖಲಿಸಿದ ಮೇಲೆ ಹೊಣೆ ಅವರದ್ದಾಗುತ್ತದೆ.

ಕೊಳ್ಳುವವರಿಗೆ ಹೆಸರು ಬದಲಿಗೆ ಆರ್‌ಟಿಒಗೆ ತಿಳಿಸಲು 30 ದಿನದ ಗಡುವು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಮುಂಗಡ ಕೊಡುವ ಮೊದಲೇ ನಂಬರ್ ಹಾಕಿ ಸಾಲ, ಟ್ಯಾಕ್ಸ್, ಚಲನ್ ಎಲ್ಲ ನೋಡಿ. ಮಂಗಳೂರು, ಪುತ್ತೂರಿನಲ್ಲಿ ಗಾಡಿ ಅಗ್ಗಕ್ಕೆ ಸಿಗುತ್ತದೆ ಎಂದು ತರುವವರು ಕೇರಳದ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಅಗ್ಗವೋ ಅಲ್ಲವೋ ಹೇಳಿ.

ಎಂಟನೇ ಹಂತ: ನೋಟಿಸ್ ಬಂದರೆ

ಕೇರಳದಲ್ಲಿ 2023ರ ಜೂನ್ 5ರಿಂದ ಎಐ ಕ್ಯಾಮೆರಾಗಳು ದಂಡ ಹಾಕುತ್ತಿವೆ. ಕ್ಯಾಮೆರಾ ಓದುವುದು ನಂಬರ್ ಪ್ಲೇಟನ್ನು, ಹಾಗಾಗಿ ನೋಟಿಸ್ ಮಾಲೀಕನಿಗೇ. ಆ ದಿನ ಓಡಿಸಿದ್ದು ಯಾರು ಎಂದು ಅಧಿಕಾರಿ ಕೇಳಿದರೆ ಹೇಳಬೇಕಾದ ಕರ್ತವ್ಯ ಮಾಲೀಕನದ್ದು. ಫೋಟೋ ತೆರೆದು ನೋಡಿ, ಗಾಡಿ ನಿಮ್ಮದೇನಾ ಖಚಿತ ಮಾಡಿಕೊಳ್ಳಿ. ತಪ್ಪು ನಿಮ್ಮದೇ ಆಗಿದ್ದರೆ ಬೇಗ ಕಟ್ಟಿ, ಇಲ್ಲದಿದ್ದರೆ ಬರೆದು ಆಕ್ಷೇಪ ಕೊಡಿ. ವಾಟ್ಸಾಪ್‌ನಲ್ಲಿ "ನಿಮ್ಮ ಚಲನ್" ಎಂದು ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಬೇಡಿ, ಅದು ಬ್ಯಾಂಕ್ ಖಾತೆ ಖಾಲಿ ಮಾಡುವ ಮೋಸ. ಸರ್ಕಾರಿ ಇ-ಚಲನ್ ತಾಣದಲ್ಲಿ ನೀವೇ ನಂಬರ್ ಹಾಕಿ ನೋಡಿ.

ಕೊನೆಯದು: ತೀರಿಕೊಂಡವರ ಹೆಸರಿನ ಗಾಡಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ದುಃಖದ ಮನೆಯಲ್ಲಿ ಆರ್‌ಸಿ ಯಾರಿಗೆ ನೆನಪಾಗುತ್ತದೆ, ಅಲ್ವಾ? ಆದರೆ ಅಪ್ಪನ ಹೆಸರಿನ ಗಾಡಿಯನ್ನು ಮಕ್ಕಳು ವರ್ಷಗಟ್ಟಲೆ ಓಡಿಸುತ್ತಿರುತ್ತಾರೆ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ತಿಳಿಸಿದರೆ ಮೂರು ತಿಂಗಳು ಹಾಗೆಯೇ ಓಡಿಸಬಹುದು. ಆ ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಿಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದವರ ಒಪ್ಪಿಗೆ ಜೊತೆಗಿರಲಿ. ಈಗ ಬದುಕಿರುವಾಗಲೇ ಆರ್‌ಸಿಗೆ ನಾಮಿನಿ ಹೆಸರು ಸೇರಿಸುವ ಅವಕಾಶವೂ ಇದೆ. ನಮ್ಮ ಮನೆಯಲ್ಲಿ ಕಾರಿಗೆ ಹೆಂಡತಿಯ ಹೆಸರನ್ನು ನಾನು ಕಳೆದ ತಿಂಗಳು ಸೇರಿಸಿದೆ.